ವಾಪಸು ಗಾಡಿ

ಮೇ 5, ಮಂಗಳವಾರ

ಆರು ವರ್ಷದ ಮೇಲೆ ಇವತ್ತು ಮುದುಕಿ ಫೋನು ಮಾಡಿದಳು. ನನ್ನ ಗಂಡನ ತಾಯಿ. ಗಂಡ ಅಂತ ಬರೆಯುವುದೂ ತಪ್ಪೇ. ಆ ಮಹಾಶಯ ಇನ್ನೊಬ್ಬಳನ್ನು ಕಟ್ಟಿಕೊಂಡು ಹೋಗಿ, ಕೋರ್ಟಿನ ಕಾಗದವೂ ಕೈಗೆ ಬಂದು ಎಷ್ಟೋ ಕಾಲವಾಯಿತು. ಹಾಗಾದರೆ ಇವಳು ನನಗೆ ಏನಾಗಬೇಕು? ಮಾಜಿ ಅತ್ತೆ ಅನ್ನಬೇಕೇನೋ.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಿಯಾದವಳು. ಈಗಲೂ ಫೋನಿನಲ್ಲಿ ಮೂರು ನಿಮಿಷ ದಾಟಿದರೆ ಅವಳಿಗೆ ಕಸಿವಿಸಿ. ಹಲೋ ಇಲ್ಲ, ಹೇಗಿದ್ದೀಯ ಇಲ್ಲ.

"ತಿಂಗಳ ಕೊನೆಗೆ ನನ್ನನ್ನ ವೃದ್ಧಾಶ್ರಮಕ್ಕೆ ಹಾಕ್ತಾರೆ. ದೊಡ್ಡೋನು ಮುಂಗಡ ಕಟ್ಟಿ ಬಂದಿದ್ದಾನೆ. ನಿನ್ನ ಮನೇಲಿ ಜಾಗ ಇದೆಯಾ?"

"ಇರೋದೇ ಎರಡು ಕೋಣೆ" ಅಂದೆ.

"ಕೋಣೆ ಎಷ್ಟು ಅಂತ ಕೇಳಲಿಲ್ಲ. ಜಾಗ ಇದೆಯಾ ಅಂತ ಕೇಳಿದೆ. ಯೋಚನೆ ಮಾಡಿ ಹೇಳು."

ಇಟ್ಟೇಬಿಟ್ಟಳು. ಯೋಚನೆ ಮಾಡುವುದಕ್ಕೆ ಏನಿದೆ? ಮಗ ನನ್ನನ್ನು ಬಿಟ್ಟು ಹೊರಟ ದಿನ ಇವಳು ಬಾಗಿಲಲ್ಲೇ ನಿಂತಿದ್ದಳು, ಬಾಯಿಗೆ ಬೀಗ ಹಾಕಿಕೊಂಡು. ಇದು ಸರಿಯಲ್ಲ ಕಣೋ ಅನ್ನುವ ಒಂದು ಮಾತು ಆಡಲಿಲ್ಲ. ಆಡಿದ್ದರೆ ಅವನು ನಿಲ್ಲುತ್ತಿದ್ದ ಅಂತಲ್ಲ. ನನಗೆ ಕೇಳಿಸುತ್ತಿತ್ತು, ಅಷ್ಟೆ.

ಜಾಗ ಇಲ್ಲ ಅಂತ ಹೇಳಿಬಿಡುತ್ತೇನೆ.

ಮೇ 7, ಗುರುವಾರ

ಜಾಗ ಇಲ್ಲ ಅಂತ ಹೇಳುವುದಕ್ಕೇ ಫೋನು ಮಾಡಿದ್ದು. ಎತ್ತಿದವರು ಭಾವ, ಅವಳ ದೊಡ್ಡ ಮಗ.

"ಅಮ್ಮ ನಿನಗೆ ಫೋನ್ ಮಾಡಿದ್ರಂತೆ. ವಯಸ್ಸಾಗಿದೆ, ಏನೇನೋ ಮಾತಾಡ್ತಾರೆ, ತಲೆಗೆ ಹಾಕ್ಕೋಬೇಡ. ಅಷ್ಟಕ್ಕೂ ಅವರನ್ನ ಇಟ್ಕೊಳ್ಳೋಕೆ ನೀನ್ಯಾರು? ನಿನ್ನ ಸಂಬಳದಲ್ಲಿ ನಿನ್ನ ಹೊಟ್ಟೆ ತುಂಬಿದ್ರೆ ಸಾಕು."

ನಾನು ಹೇಳಬೇಕೆಂದಿದ್ದ ಮಾತು ಎಲ್ಲಿಗೆ ಹೋಯಿತೋ. "ನಾನೇ ಬಂದು ಕರ್ಕೊಂಡು ಹೋಗ್ತೀನಿ ಭಾವ" ಅಂದೆ.

"ಯಾವುದರಲ್ಲಿ? ಮಂಡಿ ಆಪರೇಷನ್ ಆಗಿದೆ, ಬಸ್ಸಲ್ಲಿ ಅಷ್ಟು ದೂರ ಕೂರಕ್ಕಾಗಲ್ಲ, ಇಲ್ಲಿಂದ ನೇರ ರೈಲಿಲ್ಲ. ಡಾಕ್ಟ್ರು ವಿಮಾನ ಬೇಡ ಅಂದಿದ್ದಾರೆ. ಎರಡು ದಿನದ ದಾರಿ. ಗಾಡಿ ಬಾಡಿಗೆ ಎಷ್ಟಾಗುತ್ತೆ ಗೊತ್ತಾ ನಿನಗೆ?" ಅಂತ ನಕ್ಕರು.

ಆ ನಗು ಕಿವಿಯಲ್ಲೇ ಕೂತಿದೆ. ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ: ಮುದುಕಿಯ ಮೇಲೆ ನನಗೆ ಪ್ರೀತಿ ಗೀತಿ ಏನೂ ಇಲ್ಲ. ಇದು ಹಟ. ಅವಳನ್ನು ತಂದು ನನ್ನ ಮನೆಯಲ್ಲಿ ಕೂರಿಸುತ್ತೇನೆ. ಇಬ್ಬರು ಗಂಡುಮಕ್ಕಳೂ ಊರಿನ ಮುಂದೆ ಮುಖ ಎಲ್ಲಿಟ್ಟುಕೊಳ್ಳುತ್ತಾರೋ ನೋಡುತ್ತೇನೆ.

ಮೇ 12, ಮಂಗಳವಾರ

ಬಾಡಿಗೆ ಗಾಡಿಯ ಆಫೀಸುಗಳನ್ನು ಸುತ್ತಿ ಕಾಲು ಸೋತಿದೆ. ಬಾಯಿ ಸೋತಿಲ್ಲ.

ನನ್ನ ಕೆಲಸ ಹಲ್ಲಿನ ಲ್ಯಾಬಿನಲ್ಲಿ. ಬೆಳಿಗ್ಗೆ ಪ್ಲಾಸ್ಟರಿನಲ್ಲಿ ದವಡೆಯ ಅಚ್ಚು ತೆಗೆಯುತ್ತೇನೆ, ಮಧ್ಯಾಹ್ನ ಲ್ಯಾಬಿನ ಪುಟ್ಟ ವ್ಯಾನಿನಲ್ಲಿ ಹಲ್ಲಿನ ಸೆಟ್ಟುಗಳನ್ನು ಆಸ್ಪತ್ರೆಗಳಿಗೆ ಮುಟ್ಟಿಸುತ್ತೇನೆ. ಹಾಗಾಗಿ ಗಾಡಿ ಓಡಿಸುವುದಕ್ಕೆ ನನಗೆ ಯಾರ ಹಂಗೂ ಇಲ್ಲ. ಆ ವ್ಯಾನನ್ನೇ ಕೊಡಿ ಅಂತ ಯಜಮಾನರನ್ನು ಕೇಳಿದೆ. ಅವರು ಸೀಲಿಂಗ್ ಫ್ಯಾನ್ ನೋಡಿದರು.

ಬಾಡಿಗೆಯವರ ಲೆಕ್ಕ ಹೀಗಿದೆ. ದಿನದ ಬಾಡಿಗೆ ಅಂತ ಒಂದು ಹೇಳುತ್ತಾರೆ. ನೀವು ಹೂಂ ಅಂದ ಮೇಲೆ ಕಿಲೋಮೀಟರಿಗೆ ಇಷ್ಟು, ವಿಮೆಗೆ ಇಷ್ಟು, ಊರ ಗಡಿ ದಾಟಿದರೆ ಇಷ್ಟು ಅಂತ ಒಂದೊಂದೇ ಬಾಲ ಹೊರಗೆ ಬರುತ್ತದೆ. ಒಂದು ಕಡೆ ಐದು ದಿನದ ಬಾಡಿಗೆಗಿಂತ ಒಂದು ವಾರದ ಬಾಡಿಗೆ ಕಡಿಮೆಯಿತ್ತು! ಯಾಕೆ ಅಂದರೆ ಆ ಹುಡುಗಿಗೂ ಗೊತ್ತಿಲ್ಲ. ಇನ್ನೊಂದು ಕಡೆ ದಾರಿ ತೋರಿಸುವ ಯಂತ್ರಕ್ಕೆ ಬೇರೆ ಬಾಡಿಗೆ. ದಾರಿ ಕೇಳೋಕೆ ನನಗೆ ಬಾಯಿದೆ ಅಂದೆ. ಮೂರನೆಯವನು ಟೈ ಕಟ್ಟಿಕೊಂಡು ಬಹಳ ಮರ್ಯಾದೆಯಿಂದ, "ನಿಮ್ಮ ಯಜಮಾನರ ಹೆಸರು ಸೇರಿಸಿದ್ರೆ ಎರಡನೇ ಡ್ರೈವರ್ ಉಚಿತ ಮೇಡಂ" ಅಂದ. "ಯಜಮಾನರನ್ನೇ ಉಚಿತವಾಗಿ ಕೊಟ್ಟುಬಿಟ್ಟಿದ್ದೀನಪ್ಪ" ಅಂದೆ. ಪಾಪ, ರಿಯಾಯಿತಿ ಪಟ್ಟಿಯಲ್ಲಿ ಅದಕ್ಕೆ ಉತ್ತರ ಹುಡುಕಿದ.

ಎಷ್ಟು ಎಳೆದರೂ ಒಂದೂವರೆ ತಿಂಗಳ ಸಂಬಳದ ಕೆಳಗೆ ಇಳಿಯುತ್ತಿಲ್ಲ. ತಂಗಿ ಫೋನಿನಲ್ಲಿ, "ಬಿಟ್ಟಾಕು ಅಕ್ಕ, ನಿನಗೇನು ಹುಚ್ಚಾ?" ಅಂದಳು. ಅವಳಿಗೆ ಆ ನಗು ಕೇಳಿಸಿಲ್ಲ.

ಮೇ 16, ಶನಿವಾರ

ಸಿಕ್ಕಿತು!

ರೈಲು ನಿಲ್ದಾಣದ ಹಿಂದೆ, ಟೈರು ಅಂಗಡಿಯ ಪಕ್ಕ ಒಂದು ಹಳೆಯ ಬಾಡಿಗೆ ಆಫೀಸಿದೆ. ಅಲ್ಲಿ ಕೂರುವವನಿಗೆ ಗಂಟಲು ಪೂರ್ತಿ ಕೆಟ್ಟಿದೆ, ಮಾತು ಗರಗರ ಅಂತ ಬರುತ್ತದೆ. ಗಂಟಲಪ್ಪ ಅಂತ ಹೆಸರಿಟ್ಟಿದ್ದೇನೆ. ನಾನು ಚೌಕಾಸಿ ಶುರು ಮಾಡಿದ್ದೇ ತಡ, ಅವನು ಕೈ ಎತ್ತಿ ನಿಲ್ಲಿಸಿದ.

"ಅಮ್ಮಾ, ನೀವು ತಪ್ಪು ತುದಿಯಿಂದ ಕೇಳ್ತಿದ್ದೀರಿ. ಇಲ್ಲಿಂದ ಗಾಡಿ ಯಾಕೆ? ಬಸ್ಸಲ್ಲಿ ಅಲ್ಲಿಗೆ ಹೋಗಿ. ಜನ ಇಲ್ಲಿಂದ ಗಾಡಿ ತಗೊಂಡು ಹೋಗಿ ಆ ಊರಲ್ಲೇ ಬಿಟ್ಟುಬಿಡ್ತಾರೆ. ಅಲ್ಲಿ ನಮ್ಮ ಗಾಡಿಗಳು ರಾಶಿ ಬಿದ್ದಿವೆ. ವಾಪಸು ತರಿಸೋಕೆ ನಾವೇ ಡ್ರೈವರಿಗೆ ದುಡ್ಡು ಕೊಡಬೇಕು. ನೀವು ತಂದುಕೊಟ್ರೆ ನೀವು ನನಗೆ ಉಪಕಾರ ಮಾಡಿದ ಹಾಗೆ."

ವಾಪಸು ಗಾಡಿ ಅನ್ನುತ್ತಾರಂತೆ ಅದಕ್ಕೆ. ಬಾಡಿಗೆ ಅಂತ ಹೆಸರಿಗೆ ಒಂದಿಷ್ಟು, ಒಂದು ಜೊತೆ ಚಪ್ಪಲಿಗೂ ಅದಕ್ಕಿಂತ ಹೆಚ್ಚಾಗುತ್ತದೆ. ಡೀಸೆಲ್ ನನ್ನದು. ಯಾವ ಗಾಡಿ ಸಿಗುತ್ತದೆ, ಯಾವತ್ತು ಸಿಗುತ್ತದೆ ಅನ್ನುವುದು ಮಾತ್ರ ನನ್ನ ಕೈಯಲ್ಲಿಲ್ಲ. ಮೂರು ದಿನದೊಳಗೆ ತಂದು ಒಪ್ಪಿಸಬೇಕು. ಒಪ್ಪಿಸದಿದ್ದರೆ ರಿಯಾಯಿತಿ ಪೂರ್ತಿ ರದ್ದು, ಮೊದಲ ದಿನದಿಂದಲೇ ಪೂರಾ ಬಾಡಿಗೆ, ಮೇಲೆ ದಂಡ.

"ಎರಡು ದಿನದ ದಾರಿಗೆ ಮೂರು ದಿನ ಸಾಲದೇನು?" ಅಂದೆ.

"ಅದು ನಿಮ್ಮ ಹಣೆಬರಹ" ಅಂದ ಗಂಟಲಪ್ಪ. ಮನುಷ್ಯ ಪರವಾಗಿಲ್ಲ.

ಮೇ 18, ಸೋಮವಾರ

ಮುದುಕಿಗೆ ಫೋನು. "ಬರ್ತಿದ್ದೀನಿ" ಅಂದೆ. "ಕುರ್ಚಿ ತರ್ತೀನಿ" ಅಂದಳು. ಇಟ್ಟಳು.

ಮೇ 21, ಗುರುವಾರ

ಗಾಡಿ ಸಿಕ್ಕಿದೆ, ಸೋಮವಾರ ಸಂಜೆ ಆರಕ್ಕೆ ಅಲ್ಲಿಯ ಶಾಖೆಯಲ್ಲಿ ಕೀಲಿ ಕೊಡುತ್ತಾರೆ. ಗುರುವಾರ ಸಂಜೆ ಆರಕ್ಕೆ ಇಲ್ಲಿ ಒಪ್ಪಿಸಬೇಕು. ಯಜಮಾನರು ರಜೆ ಕೊಟ್ಟರು, ಸಂಬಳ ಕತ್ತರಿಸಿ. "ಯಾರಿಗೋಸ್ಕರ ಹೋಗ್ತಿದ್ದೀರಿ?" ಅಂತ ಕೇಳಿದರು. "ನನಗೋಸ್ಕರ" ಅಂದೆ. ನಿಜ ತಾನೇ?

ಮೇ 25, ಸೋಮವಾರ

ಬಸ್ಸಿನಲ್ಲಿ ಕೂತು ಕೂತು ಸೊಂಟ ಹಿಡಿದಿದೆ. ಆದರೂ ಬರೆಯಲೇಬೇಕು, ಗಾಡಿ ಹಾಗಿದೆ.

ಹಾಸಿಗೆ ಕಂಪನಿಯೊಂದು ಜಾಹೀರಾತಿಗೆ ಅಂತ ಬಾಡಿಗೆಗೆ ಪಡೆದಿದ್ದ ಸಾಮಾನಿನ ವ್ಯಾನು. ಎರಡೂ ಪಕ್ಕದಲ್ಲಿ ಒಬ್ಬ ದಪ್ಪ ಮೀಸೆಯವನು ಬಾಯಿ ತೆರೆದು ಮಲಗಿರುವ ಚಿತ್ರ, ಕೆಳಗೆ 'ನಿಮ್ಮ ಬೆನ್ನು ನಮ್ಮ ಹೊಣೆ' ಅಂತ ಅಕ್ಷರ. ಹಾಸಿಗೆಯವರು ಅಳಿಸದೆ ಬಿಟ್ಟುಹೋಗಿದ್ದಾರೆ. ಹತ್ತುವ ಮೊದಲು ಗೀರು, ತಗ್ಗು, ಒಡೆದ ದೀಪ ಎಲ್ಲದರ ಫೋಟೋ ತೆಗೆದುಕೊಂಡೆ, ಮಲಗಿದವನ ಮೂಗಿನ ಮೇಲಿನ ಗೀರೂ ಸೇರಿ. ನಾಳೆ ಅದನ್ನು ನನ್ನ ತಲೆಗೆ ಕಟ್ಟಬಾರದು.

ಭಾವನ ಮನೆ ಮುಂದೆ ನಿಲ್ಲಿಸಿದಾಗ ಅಕ್ಕಪಕ್ಕದ ಕಿಟಕಿಗಳೆಲ್ಲ ತೆರೆದವು. ನನಗೆ ಹಾಲು ಕುಡಿದಷ್ಟು ಸಂತೋಷ. ಭಾವನ ಮುಖ ಹುಳ್ಳಗಾಯಿತು.

ಮುದುಕಿಯನ್ನು ಅವರು ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿ ಇಟ್ಟಿದ್ದರು. ಹಳೆಯ ಫ್ರಿಜ್ಜು, ಒಂದು ಸೈಕಲ್ಲು, ನಡುವೆ ಮಂಚ. ಅವಳ ಸಾಮಾನು ಅಂದರೆ ಒಂದು ಸೂಟ್‌ಕೇಸು ಮತ್ತು ಆ ಕುರ್ಚಿ. ಎಕ್ಸ್‌ಚೇಂಜು ಮುಚ್ಚಿದಾಗ ಹರಾಜಿನಲ್ಲಿ ಕೊಂಡ ಎತ್ತರದ ತಿರುಗುವ ಕುರ್ಚಿ, ಕಬ್ಬಿಣದ್ದು, ಹೆಣಭಾರ. ಆಪರೇಷನ್ ಆದ ಮಂಡಿಗೆ ಅದೊಂದೇ ಸರಿಹೊಂದುತ್ತದಂತೆ. ನಾನೂ ಭಾವನೂ ಹೊತ್ತು ವ್ಯಾನಿಗೆ ಹಾಕಿದೆವು. ಆರು ವರ್ಷದಲ್ಲಿ ನಾವಿಬ್ಬರೂ ಸೇರಿ ಮಾಡಿದ ಒಂದೇ ಕೆಲಸ ಅದು.

ಇವಳು ತುಂಬಾ ಸಣ್ಣಗಾಗಿದ್ದಾಳೆ. ಅದು ನನಗೆ ಸಂಬಂಧಪಟ್ಟ ವಿಷಯವಲ್ಲ.

ಮೇ 26, ಮಂಗಳವಾರ

ಬೆಳಕು ಹರಿಯುವ ಮುಂಚೆ ಹೊರಟು ಅರ್ಧ ದಾರಿ ಮುಗಿಸಬೇಕೆಂದಿದ್ದೆ. ಮುಗಿಸಿದ್ದು ಕಾಲು ದಾರಿ. ಗಂಟೆಗೊಮ್ಮೆ ನಿಲ್ಲಿಸಬೇಕು. ಇಳಿಸು, ನಡೆಸು, ಶೌಚಾಲಯ ಹುಡುಕು, ಹತ್ತಿಸು. ಹತ್ತಿಸುವಾಗ ಒಂದು ಕಾಲು ಮೇಲೆ ಬಂದರೆ ಇನ್ನೊಂದು ಬರುವುದಿಲ್ಲ.

"ಮುಂದೆ ಎಡಕ್ಕೆ ತಿರುಗು."

"ನೇರ ಹೋಗಬೇಕು ಅತ್ತೆ."

"ನೇರ ಹೋದರೆ ಟೋಲ್ ಕಟ್ಟಬೇಕು. ಎಡಕ್ಕೆ ಹೋದರೆ ಹಳೇ ರಸ್ತೆ. ಎಲ್ಲಾ ಊರಿಗೂ ನಾನು ಲೈನ್ ಕೊಟ್ಟಿದ್ದೀನಿ, ಯಾವ ಊರು ಆದಮೇಲೆ ಯಾವ ಊರು ಅಂತ ನನಗೆ ಹೇಳ್ತೀಯಾ?"

ಎಡಕ್ಕೆ ತಿರುಗಿದೆ. ರಸ್ತೆ ಚೆನ್ನಾಗಿತ್ತು, ಟೋಲೂ ಇರಲಿಲ್ಲ. ನನಗಿಂತ ಜಿಪುಣರು ಇದ್ದಾರೆ ಅಂತ ಗೊತ್ತಾಗಿದ್ದು ಇದೇ ಮೊದಲು.

ಆಮೇಲೆ ಒಂದೊಂದು ಊರು ಬಂದಾಗಲೂ ಒಂದೊಂದು ಕಥೆ. ಈ ಊರಿನ ಸಕ್ಕರೆ ವ್ಯಾಪಾರಿ ದಿನಾ ಟ್ರಂಕ್ ಕಾಲ್ ಬುಕ್ ಮಾಡಿ ಹೆಂಡತಿಯ ಹತ್ತಿರ ಜಗಳ ಆಡುತ್ತಿದ್ದನಂತೆ, ಮೂರು ನಿಮಿಷ ಮುಗಿದ ತಕ್ಷಣ ಇವರು ಲೈನ್ ಕತ್ತರಿಸಿದರೆ ಇಬ್ಬರೂ ಸೇರಿ ಇವರನ್ನು ಬೈಯುತ್ತಿದ್ದರಂತೆ. "ನಾನಿಲ್ಲದಿದ್ದರೆ ಆ ಸಂಸಾರ ಎಂದೋ ಮುಗೀತಿತ್ತು" ಅಂದರು. ನಕ್ಕು ನಕ್ಕು ಗಾಡಿ ಪಕ್ಕಕ್ಕೆ ನಿಲ್ಲಿಸಬೇಕಾಯಿತು.

ಎದುರಿಗೆ ಬರುವ ಲಾರಿಯವರೆಲ್ಲ ಮಲಗಿದ ಮೀಸೆಯವನಿಗೆ ಹಾರನ್ ಹೊಡೆಯುತ್ತಾರೆ. ಅತ್ತೆ ಪ್ರತಿಯೊಬ್ಬನಿಗೂ ಕೈ ಬೀಸುತ್ತಾರೆ.

ಮೇ 27, ಬುಧವಾರ

ಇವತ್ತು ಚೆನ್ನಾಗಿ ಓಡಿಸಿದೆ. ಇನ್ನು ನಾಲ್ಕೈದು ಗಂಟೆಯ ದಾರಿ, ನಾಳೆ ಮಧ್ಯಾಹ್ನಕ್ಕೇ ಒಪ್ಪಿಸಬಹುದು. ಪೆಟ್ರೋಲ್ ಬಂಕಿನ ಪಕ್ಕದ ಲಾಡ್ಜಿನಲ್ಲಿ ಇದ್ದೇವೆ. ಮೇಲಿನ ಕೋಣೆ ಅಗ್ಗವಿತ್ತು. ಕೆಳಗಿನದೇ ತೆಗೆದುಕೊಂಡೆ, ಮೆಟ್ಟಿಲು ಹತ್ತಿಸುವವರು ಯಾರು?

ಮಂಡಿ ಊದಿದೆ. ಎಣ್ಣೆ ಹಚ್ಚಿ ತಿಕ್ಕಿದೆ. "ನಿನ್ನ ಕೈ ಒರಟು" ಅಂದರು. ಪ್ಲಾಸ್ಟರ್ ಕಲಸುವ ಕೈ ಇನ್ನು ಹೇಗಿರುತ್ತದೆ! ಬೇಡ ಅಂತ ಮಾತ್ರ ಅನ್ನಲಿಲ್ಲ.

ಮೇ 28, ಗುರುವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಬೆಳಿಗ್ಗೆ ಬಂಕಿನಲ್ಲಿ ಡೀಸೆಲ್ ತುಂಬಿಸುತ್ತಿದ್ದೆ. ಅತ್ತೆ ಗಾಡಿಯಲ್ಲಿ ಕೂತಿದ್ದರು, ಕಿಟಕಿ ಇಳಿದಿತ್ತು. ನಾನು ದೂರ, ಟೈರಿಗೆ ಗಾಳಿ ತುಂಬುವ ಜಾಗದಲ್ಲಿ ನಿಂತು ತಂಗಿಗೆ ಫೋನು ಮಾಡಿದೆ. ಖುಷಿಯಲ್ಲಿದ್ದೆ. "ಸಂಜೆ ಆರಕ್ಕೆ ಮುಂಚೆ ಒಪ್ಪಿಸ್ತೀನಿ ಕಣೇ. ಇಬ್ಬರು ಗಂಡುಮಕ್ಕಳ ಮುಖಕ್ಕೂ ಹೊಡೆದ ಹಾಗಾಯ್ತು ನೋಡು. ಮುದುಕಿ ನನ್ನ ಮನೇಲಿದ್ದಾಳೆ ಅಂತ ನಾಲ್ಕು ಜನಕ್ಕೆ ಗೊತ್ತಾಗಲಿ, ಆ ಮಹಾಶಯ ತಲೆ ಎತ್ತಿ ಓಡಾಡಬಾರದು" ಅಂದೆ.

ಲೈನಿನ ಗರಗರ ಸದ್ದಿನ ನಡುವೆ ಎಷ್ಟೋ ಊರು ಆಚೆಯ ಪಿಸುಮಾತು ಕೇಳಿಸಿಕೊಂಡು ಬದುಕಿದ ಕಿವಿ ಅದು. ಮರೆತೇ ಹೋಗಿತ್ತು ನನಗೆ.

ಬಂದಾಗ "ಕುರ್ಚಿ ಇಳಿಸು" ಅಂದರು. ಮಂಡಿ ನೋವಿರಬೇಕು ಅಂತ ಬಂಕಿನ ಹುಡುಗರನ್ನು ಕರೆದು ಇಳಿಸಿದೆ. ಲಾಡ್ಜಿನ ಗೋಡೆಯ ನೆರಳಿನಲ್ಲಿ ಹಾಕಿಸಿಕೊಂಡು ಕೂತರು, ಎಕ್ಸ್‌ಚೇಂಜಿನಲ್ಲಿ ಕೂತ ಹಾಗೇ, ಕಿವಿಗೆ ಹೆಡ್‌ಫೋನ್ ಒಂದು ಇಲ್ಲ ಅಷ್ಟೆ.

"ಇನ್ನು ನೀನು ಹೋಗು."

"ಎಲ್ಲಿಗೆ ಅತ್ತೆ?"

"ಎಲ್ಲಿಗಾದ್ರೂ. ಆವತ್ತು ನಾನು ಬಾಗಿಲಲ್ಲಿ ನಿಂತು ಬಾಯಿ ಬಿಡಲಿಲ್ಲ. ಅದಕ್ಕೆ ನೀನು ಬೈದರೆ ಬೈಸ್ಕೋತೀನಿ, ಬೈಸ್ಕೋಬೇಕು. ಆದರೆ ಯಾರದೋ ಮುಖಕ್ಕೆ ಎಸೆಯೋ ಚಪ್ಪಲಿ ಆಗಲ್ಲ ನಾನು. ಅಷ್ಟಕ್ಕೆ ಆಶ್ರಮವೇ ವಾಸಿ."

ನನಗೆ ಉರಿದುಹೋಯಿತು. ಇಷ್ಟು ದೂರ ಬಂದಿದ್ದೇನೆ, ಸಂಬಳ ಬಿಟ್ಟಿದ್ದೇನೆ, ಗಂಟೆಗೊಮ್ಮೆ ಇಳಿಸಿ ಹತ್ತಿಸಿದ್ದೇನೆ! ಎಲ್ಲವನ್ನೂ ಕೂಗಿಯೇ ಹೇಳಿದೆ, ಬಂಕಿನವರೆಲ್ಲ ನೋಡುವ ಹಾಗೆ. ಅವರು ಕುರ್ಚಿ ತಿರುಗಿಸಿ ಬೆನ್ನು ಕೊಟ್ಟರು. ನಾನು ಹೋಗಿ ಗಾಡಿಯಲ್ಲಿ ಕೂತೆ. ಹೊರಟೇಬಿಡುತ್ತೇನೆ ಅಂತ ಕೀಲಿಯನ್ನೂ ತಿರುಗಿಸಿದೆ.

ಮತ್ತೆ ಇಳಿದು ಹೋಗಿ ಎದುರು ನಿಂತೆ. ಆಗ ಕೇಳಿದರು, ಮೆಲ್ಲಗೆ:

"ನಾಳೆ ಅವರಿಬ್ಬರೂ ಬಂದು ತಪ್ಪಾಯ್ತು ಅಂತ ನಿನ್ನ ಕಾಲು ಹಿಡಿದರು ಅಂತ ಇಟ್ಕೋ. ನೀನು ಗೆದ್ದೆ. ಆಮೇಲೆ ನನ್ನನ್ನ ಏನು ಮಾಡ್ತೀಯ?"

ಸುಳ್ಳು ಹೇಳಬಹುದಿತ್ತು. ಸುಳ್ಳು ಆ ಕಿವಿಗೆ ಗೊತ್ತಾಗುತ್ತದೆ.

ಮಧ್ಯಾಹ್ನ ಊಟ ತಂದು ಕೊಟ್ಟೆ. ತಿಂದರು. ನೆರಳು ಸರಿದ ಹಾಗೆ ಕುರ್ಚಿಯನ್ನೂ ಸರಿಸಿದೆ. ಗಂಟಲಪ್ಪ ಎರಡು ಸಲ ಫೋನು ಮಾಡಿದ. ಎತ್ತಲಿಲ್ಲ. ಸಂಜೆ ಅದೇ ಕೋಣೆಗೆ ವಾಪಸು ಬಂದಿದ್ದೇವೆ. ಗಾಡಿ ಮಾತ್ರ ಹತ್ತುವುದಿಲ್ಲ ಅನ್ನುತ್ತಾರೆ. ನನ್ನ ಹಟ ನೋಡಿದವರು ಇವರನ್ನು ನೋಡಬೇಕು.

ಮಂಡಿಗೆ ಎಣ್ಣೆ ಹಚ್ಚಿದೆ.

ಮೇ 29, ಶುಕ್ರವಾರ

ಬೆಳಿಗ್ಗೆ ಭಾವನ ಫೋನು. ಅತ್ತೆ ಆಗಲೇ ಹೊರಗೆ ಕುರ್ಚಿಯಲ್ಲಿದ್ದರು, ನಾನು ಪಕ್ಕದಲ್ಲಿ ಕಲ್ಲಿನ ಮೇಲೆ.

"ಎಲ್ಲಿದ್ದೀರಿ? ನಿನ್ನೆಯೇ ಮುಟ್ಟಬೇಕಿತ್ತಲ್ಲ. ಅರ್ಧ ದಾರೀಲಿ ಕೈ ಸೋತಿತಾ? ನಾಚಿಕೆ ಪಟ್ಕೋಬೇಡ, ಹೇಳು. ಆಶ್ರಮದ ಕೋಣೆ ಇನ್ನೂ ಖಾಲಿ ಇದೆ."

ಮತ್ತೆ ಅದೇ ನಗು. ಈ ನಗುವಿಗೆ ಕೊಡಬೇಕಾದ ಉತ್ತರವನ್ನು ಬಸ್ಸಿನಲ್ಲಿ ಬರುವಾಗಲೇ ಮಸೆದು ಇಟ್ಟುಕೊಂಡಿದ್ದೆ. ಮುಟ್ಟಿ ನೋಡಿಕೊಳ್ಳುವಂಥದ್ದು. ಬಾಯಿ ತೆರೆದೆ.

"ಭಾವ, ಆ ಬಿಳೀ ಮಾತ್ರೆ ಊಟಕ್ಕೆ ಮುಂಚೆನಾ, ಆಮೇಲಾ? ಡಾಕ್ಟ್ರ ಚೀಟಿ ಮಡಚಿದ ಕಡೆ ಹರಿದಿದೆ."

"ಏನು? ಆಮೇಲೆ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ ಆಗಲ್ಲ. ಅಕ್ಕನ್ನ ಕೇಳಿ ಹೇಳಿ. ಮತ್ತೆ ಮಂಡಿ ಊದಿದರೆ ಬಿಸಿನೀರಿನ ಶಾಖನಾ, ಐಸಾ? ಎರಡು ದಿನದಿಂದ ಎಣ್ಣೆ ಹಚ್ತಿದ್ದೀನಿ, ತಪ್ಪಾಗಿಲ್ಲ ತಾನೇ?"

ಒಳಗೆ ಹೋಗಿ ಹೆಂಡತಿಯನ್ನು ಕೇಳಿ ಬಂದರು. ಊಟ ಆದಮೇಲೆ. ಐಸು. ಎಣ್ಣೆ ತಪ್ಪಲ್ಲ. "ಸರಿ, ಇಡ್ತೀನಿ" ಅಂದೆ. ಅವರು ಇನ್ನೇನೋ ಹೇಳುತ್ತಿದ್ದರು.

ಯಾಕೆ ಸುಮ್ಮನೆ ಬಿಟ್ಟೆನೋ ಗೊತ್ತಿಲ್ಲ. ತಿಂಡಿ ಆಗಿರಲಿಲ್ಲ, ಹಸಿವಿತ್ತು ಅನ್ನಿಸುತ್ತದೆ. ಒಳ್ಳೆಯ ಅವಕಾಶ ಕೈತಪ್ಪಿತು.

ಬಂಕಿನ ಪಕ್ಕದ ಅಂಗಡಿಯಿಂದ ಐಸು ತಂದು ಬಟ್ಟೆಯಲ್ಲಿ ಸುತ್ತಿ ಮಂಡಿಗೆ ಇಟ್ಟೆ. ಅತ್ತೆ ಬಹಳ ಹೊತ್ತು ನನ್ನ ತಲೆಯನ್ನೇ ನೋಡುತ್ತಿದ್ದರು.

"ಬೆಳ್ಳಗಾಗಿದೆ ನಿನ್ನ ಕೂದಲು."

"ಆಗದೇ ಇರುತ್ತಾ?"

"ಕುರ್ಚಿ ಎತ್ತು" ಅಂದರು. "ಮಂಡಿ ಮತ್ತೆ ಹಿಡ್ಕೊಳ್ಳೋದರೊಳಗೆ ಹೊರಡೋಣ."

ಮೇ 30, ಶನಿವಾರ

ನಿನ್ನೆ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಗಾಡಿ ಒಪ್ಪಿಸಿದೆ. ಗಂಟಲಪ್ಪ ಸುತ್ತ ನಡೆದು ಗೀರು ನೋಡಿದ, ನಾನು ಫೋಟೋ ತೋರಿಸಿದೆ, ಆ ವಿಷಯ ಅಲ್ಲಿಗೆ ಮುಗಿಯಿತು. ಆಮೇಲೆ ಕಂಪ್ಯೂಟರ್ ಮುಂದೆ ಕೂತು ತಲೆ ಕೆರೆದುಕೊಂಡ. ತಡ ಆದದ್ದಕ್ಕೆ ಕಾರಣ ಕೇಳುತ್ತದಂತೆ ಅದು.

ಕೌಂಟರಿಗೆ ಒರಗಿ ನಿಂತಿದ್ದ ಅತ್ತೆಯನ್ನು ನೋಡಿ ದನಿ ತಗ್ಗಿಸಿದ. ಅವನ ಗಂಟಲಲ್ಲಿ ದನಿ ತಗ್ಗಿಸಿದರೂ ಬೀದಿಗೆ ಕೇಳುತ್ತದೆ. "ಅಜ್ಜಿಗೆ ಹುಷಾರಿರಲಿಲ್ಲ, ದಾರೀಲಿ ಸೀರಿಯಸ್ ಆಗಿತ್ತು ಅಂತ ಹಾಕ್ತೀನಮ್ಮ. ಕಾಯಿಲೆ ಅಂದ್ರೆ ದಂಡಾನೂ ಇಲ್ಲ, ರಿಯಾಯಿತಿನೂ ಉಳಿಯುತ್ತೆ. ಯಾರೂ ಕೇಳಲ್ಲ."

"ಹಾಕಬೇಡಿ" ಅಂದೆ.

"ಯಾಕಮ್ಮ? ಒಂದು ಪದ ಅಷ್ಟೆ."

"ಅವರಿಗೇನೂ ಆಗಿಲ್ಲ, ಗಟ್ಟಿಯಾಗಿದ್ದಾರೆ. ನಾನು ಆಡಿದ ಮಾತಿಗೆ ಸಿಟ್ಟು ಬಂತು, ಗಾಡಿ ಹತ್ತಲಿಲ್ಲ. ನಾನು ಕಾದೆ. ಹಾಗೇ ಬರೀರಿ."

"ಅದಕ್ಕೆ ಇದರಲ್ಲಿ ಜಾಗ ಇಲ್ಲಮ್ಮ. ಪೂರಾ ಕಟ್ಟಬೇಕಾಗುತ್ತೆ."

"ಕಟ್ತೀನಿ."

ಕಟ್ಟಿದೆ. ಕುರ್ಚಿ ಸಾಗಿಸುವುದಕ್ಕೆ ಅಲ್ಲೇ ಒಂದು ಸಣ್ಣ ಗೂಡ್ಸ್ ಗಾಡಿ ಕರೆದೆ. ಅವನು ಹೇಳಿದ ಬಾಡಿಗೆಗೆ ನಾನು ಹೂಂ ಅಂದುಬಿಟ್ಟಿದ್ದೆ. ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿ ಅವನ ಹತ್ತಿರ ವಾದಕ್ಕೆ ನಿಂತರು. ಅರ್ಧಕ್ಕೆ ಇಳಿಸಿದ ಮೇಲೂ ಅವರಿಗೆ ಸಮಾಧಾನ ಇರಲಿಲ್ಲ.

ಮನೆಗೆ ಬಂದ ಮೇಲೆ ಎರಡೂ ಕೋಣೆ ಸುತ್ತಿ ನೋಡಿದರು. ಅವರಿಗೆ ಅಂತ ಒಳಗಿನ ಕೋಣೆ ಖಾಲಿ ಮಾಡಿಟ್ಟಿದ್ದೆ, ತೋರಿಸಿದೆ. ಅಲ್ಲಿ ಮಲಗುತ್ತೇನೆ, ಹಗಲು ಅಲ್ಲಿ ಕೂರುವುದಿಲ್ಲ ಅಂದರು. ಹೊರಗಿನ ಕೋಣೆಯ ಕಿಟಕಿಯಿಂದ ಬೀದಿ ಪೂರ್ತಿ ಕಾಣುತ್ತದೆ. ಅಲ್ಲಿ ನನ್ನ ಮೇಜಿತ್ತು.

"ಕುರ್ಚಿ ಇಲ್ಲಿ ಹಾಕು."

"ಅಲ್ಲಿ ನನ್ನ ಮೇಜಿದೆ ಅತ್ತೆ."

"ಕಾಣ್ತಿದೆ. ತೆಗಿ."

ಆರು ವರ್ಷದಿಂದ ಈ ಮನೆಯಲ್ಲಿ ಒಂದು ಲೋಟವನ್ನು ಅತ್ತಿಂದಿತ್ತ ಇಡು ಅಂತ ಹೇಳಿದವರಿಲ್ಲ. ಇನ್ನು ನನ್ನ ಮನೆಯಲ್ಲಿ ನನ್ನ ಮಾತೇ ನಡೆಯಬೇಕು, ಇವತ್ತೇ ಇದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ.

ಕುರ್ಚಿ ಹಾಕಿದ ಮೇಲೆ ಮೇಜು ಕಿಟಕಿಯ ಹತ್ತಿರ ಹಿಡಿಯಲಿಲ್ಲ, ಹೊರಗೆ ಜಗುಲಿಯಲ್ಲಿದೆ. ಇದನ್ನು ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಇಷ್ಟು ಹೊತ್ತು ಅದೇನು ಗೀಚುತ್ತೀಯ, ಬೆನ್ನು ನೋಯುತ್ತದೆ, ಎದ್ದು ಬಾ ಅಂತ ಕುರ್ಚಿಯ ಮೇಲಿನಿಂದ ಕರೆಯುತ್ತಿದ್ದಾರೆ.